ವರ್ಲಿನ್ ಒಬ್ಬನೇ ಹೀಟರ್ ಎತ್ತಿದ ರಾತ್ರಿ

ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಪಕ್ಕದ ಮನೆ ವರ್ಲಿನ್ ಹೌಗೆನ್‌ಗೆ ಆದದ್ದು, ಹೋದ ಜನವರಿಯಲ್ಲಿ. ನಾರ್ತ್ ಡಕೋಟಾದ ಜನವರಿ ಅಂದರೆ ಉಸಿರು ಮೀಸೆಯ ಮೇಲೇ ಗಡ್ಡೆಕಟ್ಟುವ ಕಾಲ. ಧಾನ್ಯದ ಗೋದಾಮಿನಲ್ಲಿ ಕೆಲಸ ಮುಗಿಸಿ ಹೊರಗೆ ಬಂದರೆ ಅವನ ಪಿಕಪ್ ಸ್ಟಾರ್ಟೇ ಆಗಲಿಲ್ಲ. ಬೈದುಕೊಂಡು ನಡೆದೇ ಹೊರಟ. ರಾತ್ರಿ ಹತ್ತು ದಾಟಿತ್ತು.

ದಾರಿಯ ತಿರುವಿನಲ್ಲಿ ಒಂದು ದೊಡ್ಡ ಕಾಟನ್‌ವುಡ್ ಮರ. ಹಿಂದಿನ ವರ್ಷ ಅವನ ತಮ್ಮ ಆರ್ಡೆನ್ ಸೆಟೆದು ಹೆಣವಾಗಿ ಸಿಕ್ಕಿದ್ದು ಅದರ ಬುಡದಲ್ಲೇ. ವರ್ಲಿನ್ ಅತ್ತ ನೋಡಲಿಲ್ಲ. ಹಿಮದ ಮೇಲೆ ಬೂಟು ಕಿರ್... ಕಿರ್... ಅನ್ನುತ್ತಿತ್ತು. ಮರ ದಾಟಿದ್ದೇ ಸದ್ದು ಜೋಡಿಯಾಯಿತು. ಕಿರ್‌ಕಿರ್... ಕಿರ್‌ಕಿರ್... ನಿಂತ. ಇನ್ನೊಂದು ಸದ್ದು ಒಂದು ಹೆಜ್ಜೆ ತಡವಾಗಿ ನಿಂತಿತು.

ತಮ್ಮ ಸತ್ತದ್ದು ಹೇಗೆ ಅಂದರೆ ವರ್ಲಿನ್ ಹೇಳುತ್ತಿದ್ದದ್ದು ಒಂದೇ ಮಾತು: ಕುಡಿದಿದ್ದ, ಇರು ಅಂದರೂ ಕೇಳಲಿಲ್ಲ, ನಗುತ್ತಾ ಹೊರಟ. ಶೆರಿಫ್ ಮುಂದೆಯೂ ಅದೇ. ನಿಜ ಬೇರೆ ಇತ್ತು. ಅಪ್ಪನ ಬಂದೂಕು ಯಾರಿಗೆ ಅಂತ ಮನೆಗೆ ಅಂಟಿಕೊಂಡಿದ್ದ ಗ್ಯಾರೇಜಿನಲ್ಲಿ ಇಬ್ಬರೂ ಕಿತ್ತಾಡಿದರು. ವರ್ಲಿನ್ ತಮ್ಮನ ಮೂಗು ಒಡೆಯುವಂತೆ ಗುದ್ದಿದ, ಕೋಟಿಲ್ಲದೆ ಹೊರಗೆ ದಬ್ಬಿ ಚಿಲಕ ಹಾಕಿದ. ಅಂಥ ಚಳಿಯಲ್ಲಿ ಬಾಗಿಲು ಬಡಿದವನು ಹಗೆಯವನಾದರೂ ನಾವು ಒಳಗೆ ಕರೆಯುತ್ತೇವೆ. ಆರ್ಡೆನ್ ಕಾಲು ಗಂಟೆ ಬಡಿದ. ವರ್ಲಿನ್‌ನ ಹೆಂಡತಿ ಮಾರ್ಲಿಸ್ ಅಡುಗೆಮನೆಯಿಂದ "ಯಾರದು?" ಅಂದಾಗ ವರ್ಲಿನ್ "ಗಾಳಿ ಕಣೇ" ಅಂದ. ಆಮೇಲೆ ಬಡಿತ ನಿಂತಿತು.

ಊರಿಗೆ ಅನುಮಾನ ಇದ್ದೇ ಇತ್ತು. ಅವನ ಗ್ಯಾರೇಜಿಗೆ ಯಾರೂ ಕಾಲಿಡುತ್ತಿರಲಿಲ್ಲ. ಸೂರಿಗೆ ತೂಗುಹಾಕುವ ಹೀಟರ್ ತಂದಿಟ್ಟು ಮೂರು ವಾರವಾಗಿತ್ತು, ಹಿಡಿದುಕೊಳ್ಳಲು ಬನ್ನಿ ಅಂದರೆ ಎಲ್ಲರಿಗೂ ಏನಾದರೊಂದು ನೆಪ. ನಾನೂ ಸೊಂಟನೋವು ಅಂದಿದ್ದೆ.

ಅವತ್ತು ಮನೆಗೆ ಬಂದವನು ಕೋಟೂ ಬಿಚ್ಚಲಿಲ್ಲ.

"ಇವತ್ತೇ ಹಾಕ್ತೀನಿ. ದಿನಾ ಯಾವನು ಸಾಯ್ತಾನೆ ಈ ಚಳೀಲಿ?"

"ಒಬ್ಬನೇನಾ?" ಅಂದಳು ಮಾರ್ಲಿಸ್. "ಯಾರನ್ನಾದ್ರೂ ಕರಿ."

"ಯಾರು ಬರ್ತಾರೆ?"

"ಅದೂ ನಿಜ ಬಿಡು. ಇದ್ದ ಒಬ್ಬ ತಮ್ಮನೂ ಇಲ್ಲ."

ಅವನು ಬಾಗಿಲನ್ನು ದಢಾರ್ ಅಂತ ಎಳೆದುಕೊಂಡು ಗ್ಯಾರೇಜಿಗೆ ಹೋದ. ಚಳಿ ನುಗ್ಗುತ್ತದೆಂದು ಅವಳು ಅಡುಗೆಮನೆ ಕಡೆಯಿಂದ ಚಿಲಕ ಹಾಕಿಕೊಂಡಳು.

ಏಣಿ ಹತ್ತಿ, ಹಲಗೆಯ ಹಿಂದೆ ತೊಲೆ ಎಲ್ಲಿದೆ ಅಂತ ಸೂರನ್ನು ಗೆಣ್ಣಿನಿಂದ ಬಡಿದು ನೋಡಿದ. ಟೊಕ್... ಟೊಕ್... ಟೊಳ್ಳು. ಇನ್ನೊಂಚೂರು ಪಕ್ಕಕ್ಕೆ. ಟೊಕ್... ಡಬ್. ಗಟ್ಟಿ. ಸಿಕ್ಕಿತು.

ಸೂರಿನ ಆಚೆಯಿಂದ ಯಾರೋ ತಿರುಗಿ ಬಡಿದರು. ಡಬ್... ಡಬ್.

ಇಲಿ ಅಂದುಕೊಂಡ. ಇಲಿ ಎಣಿಸಿ ಬಡಿಯುತ್ತದೆಯೇ? ತೂತು ಕೊರೆದು, ಹೀಟರ್ ತೂಗಬೇಕಾದ ಚೌಕಟ್ಟಿಗೆ ಒಂದು ಬೋಲ್ಟ್ ತಿರುಗಿಸಿದ. ಇನ್ನೂ ಮೂರು ಹಾಕಬೇಕಿತ್ತು. ತಾಳ್ಮೆ ಎಲ್ಲಿತ್ತು? ಹೀಟರನ್ನು ಹೆಗಲಿಗೇರಿಸಿಕೊಂಡು ಏಣಿ ಹತ್ತಿದ, ಇಪ್ಪತ್ತು ಕಿಲೋ ಉಕ್ಕು. ನಾಲ್ಕನೇ ಮೆಟ್ಟಿಲಲ್ಲಿ ತೊಡೆ ನಡುಗಿತು. ಐದನೆಯದರಲ್ಲಿ... ಭಾರವೇ ಇಲ್ಲ. ಹೀಟರಿನ ಆಚೆ ತುದಿ ತಾನಾಗಿ ಮೇಲೆದ್ದಿತ್ತು.

ಕಿವಿಯ ಹತ್ತಿರ ಪಿಸುಮಾತು. "ಹಿಡ್ಕೊಂಡಿದೀನಿ ಅಣ್ಣ. ಬೋಲ್ಟ್ ಹಾಕು."

ವರ್ಲಿನ್ ಕತ್ತು ತಿರುಗಿಸಿದ. ಆಚೆ ತುದಿಯಲ್ಲಿ ಎರಡು ಕೈ. ಗೆಣ್ಣುಗಳ ಚರ್ಮ ಸುಲಿದು ಬಿಳಿ ಮೂಳೆ ಕಾಣುತ್ತಿತ್ತು.

ಹೆದರಿದರೆ ಬೇರೆಯವರು ಕಿರುಚುತ್ತಾರೆ. ವರ್ಲಿನ್ ಹೊಡೆಯುವವನು. ಸ್ಪ್ಯಾನರ್ ಎತ್ತಿ ಆ ಕೈಗಳ ಮೇಲೆ ಬಾರಿಸಿದ, ಒಂದು ಸಲ, ಎರಡು ಸಲ, ಹಲ್ಲು ಕಚ್ಚಿ ಮೂರನೇ ಸಲ. ಏಣಿ ಕಾಲಡಿಯಿಂದ ಜಾರಿತು. ಕಾಂಕ್ರೀಟಿಗೆ ಮುಖ ಅಪ್ಪಳಿಸಿ ಮೂಗು ಒಡೆಯಿತು. ಹೀಟರ್ ಅವನ ಕಾಲಿನ ಮೇಲೆ, ಮೊಣಕಾಲಿಗಿಂತ ಕೆಳಗೆ, ಬಿತ್ತು. ಲಟಕ್! ಒಣಕೊಂಬೆ ಮುರಿದ ಸದ್ದು. ದೀಪ ಹೋಯಿತು.

ಕತ್ತಲಲ್ಲಿ ಒಂದು ಮುಷ್ಟಿ ಪಕ್ಕೆಗೆ ಗುದ್ದಿತು. ಕಾಲರ್ ಹಿಡಿದು ಹೊರಬಾಗಿಲ ಕಡೆ ಅವನನ್ನು ದರದರ ಎಳೆಯತೊಡಗಿತು. ಆ ಬಾಗಿಲ ಚಿಲಕ ತಾನಾಗಿ ಸರಿಯಿತು... ಕ್ರೀಕ್... ಹಿಮದ ಗಾಳಿ ಮುಖಕ್ಕೆ ರಾಚಿತು. ವರ್ಲಿನ್ ಕೋಟನ್ನೇ ಕಳಚಿ ನುಸುಳಿಕೊಂಡು, ಮುರಿದ ಕಾಲು ಎಳೆಯುತ್ತಾ ಅಡುಗೆಮನೆ ಬಾಗಿಲಿಗೆ ತೆವಳಿದ. ಎರಡೂ ಮುಷ್ಟಿಯಿಂದ ಬಡಿದ.

ಆಚೆ ಮಾರ್ಲಿಸ್ ಉಸಿರಾಡುವುದು ಕೇಳಿಸುತ್ತಿತ್ತು.

"ತೆಗಿಯೇ! ನಾನು ಕಣೇ!"

"ಗಾಳಿ ಇರ್ಬೇಕು," ಅಂದಳು ಮೆಲ್ಲಗೆ.

"ಮಾರ್ಲಿಸ್... ಕೊಲ್ತಾನೆ ನನ್ನ..."

"ಯಾರು? ಅವತ್ತು ಬಡಿದದ್ದು ಯಾರು? ಒಂದು ವರ್ಷದಿಂದ ನಾನು ನಿದ್ದೆ ಮಾಡಿಲ್ಲ. ಹೇಳು, ತೆಗೀತೀನಿ."

ಕೈಯೊಂದು ಅವನ ಮುರಿದ ಕಾಲನ್ನು ಹಿಡಿದು ತಿರುಚಿತು. ಅಷ್ಟು ದೊಡ್ಡ ಗಂಡಸು ಮಗುವಿನಂತೆ ಅರಚಿದ.

"ಆರ್ಡೆನ್! ಆರ್ಡೆನ್ ಬಡಿದದ್ದು! ಚಿಲಕ ಹಾಕಿದ್ದು ನಾನೇ! ಕೇಳಿಸ್ತಿತ್ತು... ನಂಗೆ ಎಲ್ಲಾ ಕೇಳಿಸ್ತಿತ್ತು..."

ಕಾಲು ಹಿಡಿದಿದ್ದ ಕೈ ಬಿಟ್ಟಿತು. ಮಾರ್ಲಿಸ್ ಬಾಗಿಲು ತೆಗೆದಳು. ಗಂಡನನ್ನು ಒಳಗೆ ಎಳೆದುಕೊಂಡಳು. ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿದಳು, ಆಮೇಲೆ ಶೆರಿಫ್‌ಗೆ. ಆಸ್ಪತ್ರೆಯ ಮಂಚದ ಮೇಲೆ ವರ್ಲಿನ್ ಬಾಗಿಲ ಬಳಿ ಒಪ್ಪಿಕೊಂಡದ್ದನ್ನೇ ಇನ್ನೊಮ್ಮೆ ಹೇಳಿ ಸಹಿ ಹಾಕಿದ. ಈಗ ಜೈಲಿನಲ್ಲಿದ್ದಾನೆ.

ನೋವಿನಲ್ಲಿ ತಲೆಕೆಟ್ಟು ಏನೇನೋ ಕಂಡಿರಬೇಕು ಅಂತೀರಿ. ನಾನೂ ಹಾಗೇ ಅಂದಿದ್ದೆ. ಆದರೆ ಆಂಬುಲೆನ್ಸ್ ಬಂದಾಗ ಮೊದಲು ಓಡಿಹೋಗಿ ಗ್ಯಾರೇಜಿಗೆ ಟಾರ್ಚ್ ಬಿಟ್ಟವನು ನಾನು. ನೆಲದ ಮೇಲೆ ರಕ್ತ ಇತ್ತು, ಬಿದ್ದ ಏಣಿ ಇತ್ತು. ಹೀಟರ್ ಇರಲಿಲ್ಲ. ಅದು ಮೇಲೆ ಸೂರಿನಲ್ಲಿ ತೂಗುತ್ತಿತ್ತು, ನಾಲ್ಕೂ ಬೋಲ್ಟ್ ಬಿಗಿಯಾಗಿ, ಒಂದಿಷ್ಟೂ ಓರೆಯಿಲ್ಲದೆ. ಈ ಕಣ್ಣಿಂದ ನೋಡಿದ್ದೇನೆ. ಈಗಲೂ ಅಲ್ಲೇ ಇದೆ.