ಮೂವತ್ತು ದಿನದ ಪುಕ್ಕಟೆ

ಎಲೆಕ್ಟ್ರಾನಿಕ್ಸ್ ಅಂಗಡಿಯ ಸಾಲಿನಲ್ಲಿ ಫ್ಯೂಸ್ ಕೊಳ್ಳಲು ನಿಂತಿದ್ದ ಟೈಲರ್ ಎಂಬಾತ, ಕದ್ದು ಕೇಳುವುದು ತಪ್ಪೆಂದು ಗೋಡೆ ನೋಡುತ್ತಿದ್ದರೂ ಮುಂದಿದ್ದ ಅಕ್ಕ-ತಮ್ಮನ ಮಾತು ಕಿವಿಗೆ ಬೀಳುತ್ತಲೇ ಇತ್ತು. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೆ ಅವರು ಬಿಸಿಯನ್ನು ಹದದಲ್ಲಿಡುವ ಮೈಕ್ರೋಕಂಟ್ರೋಲರ್ ಕಿಟ್ ಆರಿಸುತ್ತಿದ್ದರು.

“ಇಷ್ಟು ಅಗ್ಗಕ್ಕೆ ಯಾಕೆ ಕೊಡ್ತಾನೆ? ಬೆಳ್ಳಗಿರೋದೆಲ್ಲ ಹಾಲಲ್ಲ ಕಣೋ.”

“ಹೊಸ ಚಿಪ್ಪು ಅಕ್ಕಾ, ತುಂಬಾ ವೇಗ. ಕಂಪೈಲರೂ ಪುಕ್ಕಟೆ.”

“ಅದೇನದು?”

“ನಾನು ಬರೆದ ಪ್ರೋಗ್ರಾಮನ್ನ ಚಿಪ್ಪಿಗೆ ಅರ್ಥವಾಗೋ ಹಾಗೆ ಮಾಡೋ ಸಾಫ್ಟ್‌ವೇರ್. ಮೂವತ್ತು ದಿನ ದುಡ್ಡಿಲ್ಲ.”

“ಆಮೇಲೆ?”

“ಕೊಂಡ್ಕೋಬೇಕು. ಇಲ್ದಿದ್ರೂ ಪೆಟ್ಟಿಗೆ ನಡೆಯುತ್ತೆ. ಪ್ರೋಗ್ರಾಮು ತಿದ್ದೋಕಾಗಲ್ಲ, ಅಷ್ಟೇ.”

“ಅಷ್ಟೇನಾ! ಮರಿ ಆಗೋಕೆ ಇಪ್ಪತ್ತೊಂದು ದಿನ. ಮೊದಲನೇ ಸಲ ಮರಿ ತೋರಿಸಿ, ಎರಡನೇ ಸಲಕ್ಕೆ ಜುಟ್ಟು ಹಿಡ್ಕೋತಾರೆ. ಹೋದ ಸಲ ನೀನು ತಪ್ಪು ಬರೆದು ಇನ್ನೂರು ಮೊಟ್ಟೆ ಬೆಂದುಹೋದ್ವು. ಇನ್ಮೇಲೆ ತಪ್ಪೇ ಮಾಡಲ್ವಾ?”

ತಮ್ಮ ಕೈಲಿದ್ದ ಕಿಟ್ಟನ್ನು ಕೆಳಗಿಟ್ಟ.

“ಸಾಫ್ಟ್‌ವೇರ್ ಪೂರ್ತಿ ಪುಕ್ಕಟೆ ಇರೋ ಕಿಟ್ ಯಾವುದೂ ಇಲ್ವಾ?”

“ಅಲ್ಲಿರೋ ಆ ಹಳೇ ಕಿಟ್ಟಿಂದು ಪುಕ್ಕಟೆ. ಆದ್ರೆ ಅದರ ಚಿಪ್ಪು ಬಹಳ ನಿಧಾನ ಅಕ್ಕಾ, ನಾಚಿಕೆಯಾಗುತ್ತೆ.”

“ಮೂರು ವಾರ ಮಲಗಿರೋ ಮೊಟ್ಟೆಗೆ ಯಾತರ ಅವಸರ?” ಎಂದವಳು ಹಳೆಯದನ್ನೇ ಕೊಂಡು, ಪೊಟ್ಟಣವನ್ನು ಮೊಟ್ಟೆ ಪರೀಕ್ಷಿಸುವಂತೆ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಲೇ ಮೆಟ್ಟಿಲಿಳಿದಳು.