ಹತ್ತಕ್ಕೆ ನಾಲ್ಕು

ಗೌರವಾನ್ವಿತ ಅಧ್ಯಕ್ಷರೇ, ವೇದಿಕೆಯ ಮೇಲೆ ನನಗಿಂತ ಮೆತ್ತನೆಯ ಕುರ್ಚಿಗಳಲ್ಲಿ ಕುಳಿತಿರುವ ಕ್ಲಬ್ಬಿನ ಪದಾಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಿರುವ ತಾಯಿಯವರೇ, ಹಿಂಬಾಗಿಲ ಬಳಿ ಕೈಕಟ್ಟಿ ನಿಂತಿರುವ ಎದುರಾಳಿ ತಂಡದ ಅಭಿಮಾನಿಗಳೇ, ಇಂದಿನ ಬೀಳ್ಕೊಡುಗೆ ಸಮಾರಂಭ ಯಾರಿಗಾಗಿ ನಡೆಯುತ್ತಿದೆಯೋ ಆ ನಮ್ಮೆಲ್ಲರ ಸ್ಟ್ರೈಕರ್ ಅವರೇ, ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೆಟ್ಟಿಲು ಹತ್ತುವಾಗ ಕಾರ್ಯದರ್ಶಿಗಳು ನನ್ನ ತೋಳು ಹಿಡಿದು, "ಮೇಷ್ಟ್ರೇ, ಐದೇ ನಿಮಿಷ. ಗೋಲಿನ ಬಗ್ಗೆ ಮಾತಾಡಿ, ಶಿಸ್ತಿನ ಬಗ್ಗೆ ಮಾತಾಡಿ. ಬೀಳೋ ವಿಷಯ ಮಾತ್ರ ಎತ್ತಬೇಡಿ" ಎಂದು ಕೇಳಿಕೊಂಡಿದ್ದಾರೆ. ನಾನು ಒಪ್ಪಿದ್ದೇನೆ. ಕೊಟ್ಟ ಮಾತಿಗೆ ತಪ್ಪುವವನು ನಾನಲ್ಲ. ಬೀಳುವ ವಿಷಯವನ್ನು ನಾನು ಎತ್ತುವುದಿಲ್ಲ.

ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು "ಸಮತೋಲನ ಶಿಕ್ಷಕರು" ಎಂದು ಅಚ್ಚು ಹಾಕಿಸಿದ್ದಾರೆ. ಹನ್ನೊಂದು ವರ್ಷ ಕ್ಲಬ್ಬಿನ ಹಾಜರಿ ಪುಸ್ತಕದಲ್ಲೂ ಹಾಗೆಯೇ ಇತ್ತು. ಸಮತೋಲನ ಎಂದರೇನು? ಬೀಳದೇ ಇರುವುದು. ಬೀಳದೇ ಇರುವುದು ಎಂದರೇನು ಎಂದು ತಿಳಿಯಬೇಕಾದರೆ, ಬೀಳುವುದು ಎಂದರೇನು ಎಂದು ಮೊದಲು ತಿಳಿಯಬೇಕಲ್ಲವೇ? ನೋಡಿ ಕಾರ್ಯದರ್ಶಿಗಳೇ, ವಿಷಯವನ್ನು ನಾನು ಎತ್ತಲಿಲ್ಲ. ಅದಾಗಿಯೇ ಎದ್ದುಬಂತು.

ಫುಟ್‌ಬಾಲಿಗೆ ಬರುವ ಮೊದಲು ನಾನು ನಾಟಕ ಕಂಪನಿಯಲ್ಲಿದ್ದೆ. ಇಪ್ಪತ್ತಾರು ವರ್ಷ. ಅಷ್ಟು ವರ್ಷವೂ ನನಗೆ ಸಿಕ್ಕಿದ್ದು ಮೊದಲ ಅಂಕದಲ್ಲೇ ಸಾಯುವ ಪಾತ್ರಗಳು. ಕತ್ತಿಯಿಂದ ಸತ್ತಿದ್ದೇನೆ, ವಿಷ ಕುಡಿದು ಸತ್ತಿದ್ದೇನೆ, ಒಂದು ನಾಟಕದಲ್ಲಂತೂ ನಾಯಕ ಬೈದದ್ದಕ್ಕೇ ಸತ್ತಿದ್ದೇನೆ. ಬೇಗ ಸತ್ತರೆ ಅನುಕೂಲ ಬಹಳ. ಊಟದ ಮೊದಲ ಪಂಕ್ತಿಯಲ್ಲೇ ಕೂರಬಹುದು. ನನ್ನ ಹೆಂಡತಿ ಮದುವೆಗೆ ಮುಂಚೆ ನನ್ನನ್ನು ನೋಡಿದ್ದು ಹೆಣವಾಗಿಯೇ. "ಅಷ್ಟು ಹೊತ್ತು ಮಿಸುಕಾಡದೆ ಮಲಗೋ ಗಂಡಸು ಮನೇಲೂ ಗಲಾಟೆ ಮಾಡಲ್ಲ ಅಂದ್ಕೊಂಡೆ ಕಣ್ರೀ" ಎಂದು ಈಗಲೂ ಹೇಳುತ್ತಾಳೆ. ಹೇಳುತ್ತಿದ್ದಳು. ಈಗ ಎಂಟು ತಿಂಗಳಿಂದ ಅವಳ ಅಕ್ಕನ ಮನೆಯಲ್ಲಿದ್ದಾಳೆ. ಅದು ಇಲ್ಲಿ ಬೇಡ.

ಕಂಪನಿ ಬಾಗಿಲು ಮುಚ್ಚಿದ ವರ್ಷ ಈ ಕ್ಲಬ್ಬಿನ ಆಗಿನ ತರಬೇತುದಾರರು ನನ್ನನ್ನು ಕರೆಸಿದರು. ಆಗ ನಮ್ಮ ಸ್ಟ್ರೈಕರ್‌ಗೆ ಇಪ್ಪತ್ತೊಂದು ವರ್ಷ. ಅವನ ಓಟ ಚೆನ್ನಾಗಿತ್ತು, ಒದೆತ ಚೆನ್ನಾಗಿತ್ತು. ಕ್ಷಮಿಸಿ, ಅವರ ಓಟ. ಹನ್ನೊಂದು ವರ್ಷ ಅವನು ಎಂದು ಕರೆದ ನಾಲಿಗೆ ಒಂದು ಸಂಜೆಗೆ ಬದಲಾಗುವುದಿಲ್ಲ, ಅವನು ಎಂದೇ ಹೇಳುತ್ತೇನೆ. ಅವನಲ್ಲಿ ಒಂದೇ ಒಂದು ದೋಷವಿತ್ತು. ಯಾರು ಅಡ್ಡಗಾಲು ಕೊಟ್ಟರೂ ಬೀಳುತ್ತಿರಲಿಲ್ಲ! ಎಡವುತ್ತಿದ್ದ, ಸಾವರಿಸಿಕೊಳ್ಳುತ್ತಿದ್ದ, ಕಾಲು ಕೊಟ್ಟವನ ಬೆನ್ನು ತಟ್ಟಿ "ಪರವಾಗಿಲ್ಲ ಬಿಡು" ಎಂದು ಓಡುತ್ತಿದ್ದ. ತರಬೇತುದಾರರು ಹಣೆ ಹಣೆ ಚಚ್ಚಿಕೊಂಡರು.

"ಮೇಷ್ಟ್ರೇ, ಗೋಲ್ ಹೊಡೆಯೋದು ನಾನು ಕಲಿಸ್ತೀನಿ. ಬೀಳೋದು ನೀವು ಕಲಿಸಿ. ಇಷ್ಟು ಒಳ್ಳೆ ಹುಡುಗನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಫುಟ್‌ಬಾಲ್ ನೋಡದೆ, ಬರಿಯ ಊಟಕ್ಕೆಂದು ಬಂದಿರುವ ಸಭಿಕರಿಗಾಗಿ ಒಂದು ಮಾತು. ಗೋಲಿನ ಮುಂದಿನ ಚೌಕದೊಳಗೆ ಎದುರಾಳಿ ನಿಮ್ಮನ್ನು ಬೀಳಿಸಿದರೆ ಪೆನಾಲ್ಟಿ. ಗೋಲ್‌ಕೀಪರ್ ಒಬ್ಬನನ್ನೇ ಎದುರಿಗೆ ನಿಲ್ಲಿಸಿ, ಒದೆಯಪ್ಪಾ ಎಂದು ಚೆಂಡು ಕೊಡುತ್ತಾರೆ. ಬೀಳಿಸಿದ್ದು ಹೌದೋ ಅಲ್ಲವೋ ಎಂದು ತೀರ್ಮಾನಿಸುವವನು ರೆಫ್ರಿ. ರೆಫ್ರಿ ಎಂದರೆ ಯಾರು? ಹತ್ತಿರದಿಂದ ನೋಡುವ ಪ್ರೇಕ್ಷಕ, ಅಷ್ಟೇ. ಪ್ರೇಕ್ಷಕರನ್ನು ನಾನು ನೋಡದವನೇ?

ಕ್ಲಬ್ಬಿನ ಬಟ್ಟೆ ಒಗೆಯುವ ಕೋಣೆಯಲ್ಲಿ, ವಾಷಿಂಗ್ ಮಷಿನ್‌ಗಳ ನಡುವೆ ಒದ್ದೆ ಟವೆಲ್ಲುಗಳನ್ನು ರಾಶಿ ಹಾಕಿ ನಮ್ಮ ಪಾಠ ಶುರುವಾಯಿತು. ನಾನು ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಪತನಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಮೊದಲ ದಿನ ಒಂದೂವರೆ ಕೊಟ್ಟೆ, ಅದೂ ಬಟ್ಟೆ ಕೊಳೆ ಮಾಡಿಕೊಂಡದ್ದಕ್ಕೆ. ಅವನು ಟವೆಲ್ ರಾಶಿಯ ಮೇಲೆ ಕುಳಿತು, "ಮೇಷ್ಟ್ರೇ, ಏನೂ ಆಗದೆ ಹೆಂಗೆ ಬೀಳೋದು? ನಾಚಿಕೆ ಆಗುತ್ತೆ" ಎಂದ.

"ಏನೂ ಆಗದೆ ನಾನು ಇಪ್ಪತ್ತಾರು ವರ್ಷ ಸತ್ತಿದೀನಿ ಕಣಪ್ಪಾ. ಏಳು, ಇನ್ನೊಂದು ಸಲ" ಎಂದೆ.

ಏನೇನು ಕಲಿಸಲಿಲ್ಲ ನಾನು? ಕಡಿದ ಮರದ ಪತನ, ಗೋಣಿಚೀಲದ ಪತನ, ರಾಣಿಗೆ ರಣರಂಗದ ಸುದ್ದಿ ಬಂದಾಗಿನ ಪತನ. ಬಿದ್ದ ಮೇಲೆ ಮೂರು ಸುತ್ತು ಉರುಳಬೇಕು. ಎರಡಾದರೆ ಸಾಲದು, ನಾಲ್ಕಾದರೆ ನಗುತ್ತಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹಿರಿಯರು ಗಾದೆ ಹೇಳುತ್ತಾರೆ. ನಮ್ಮ ಕಸುಬಿನಲ್ಲಿ ಮೀಸೆ ಮಣ್ಣಾಗದಿದ್ದರೆ ಪೆನಾಲ್ಟಿ ಇಲ್ಲ.

ಮೂರನೆಯ ವರ್ಷಕ್ಕೆ ಫಲ ಬಂತು. ಎದುರಾಳಿ ಆಟಗಾರ ಪಕ್ಕದಲ್ಲಿ ಸೀನಿದರೂ ಇವನು ಬೀಳುತ್ತಿದ್ದ. ಹಿಂಬಾಗಿಲ ಬಳಿ ನಿಂತಿರುವವರೇ, ನಿಮ್ಮ ಪೈಕಿಯವರೇ ಇವನಿಗೆ "ತರಗೆಲೆ" ಎಂದು ಹೆಸರಿಟ್ಟರು. ನಾವು ಅದನ್ನು ಪ್ರಶಸ್ತಿಯೆಂದೇ ಸ್ವೀಕರಿಸಿದೆವು. ಒಟ್ಟು ನೂರ ನಲವತ್ತಮೂರು ಗೋಲು. ಅದರಲ್ಲಿ ಎಂಬತ್ತೆಂಟು ಪೆನಾಲ್ಟಿ. ಆ ಎಂಬತ್ತೆಂಟರಲ್ಲಿ ನಿಜವಾಗಿ ಕಾಲಿಗೆ ಕಾಲು ತಾಗಿದ್ದು ಆರು ಸಲ. ಅಧ್ಯಕ್ಷರಿಗೆ ಕೆಮ್ಮು ಬಂದಿದೆ, ಯಾರಾದರೂ ನೀರು ಕೊಡಿ.

ಆಗ ಈ ತಾಯಿಯವರು ಒಂದು ದಿನ ಕ್ಲಬ್ಬಿಗೆ ಬಂದರು. ಇದೇ ಕೈಚೀಲ. ಒಳಗೆ ಒಂದು ಫ್ಲಾಸ್ಕ್ ಹಾಲು, ಎಂಟು ಬೇಯಿಸಿದ ಮೊಟ್ಟೆ. "ಸ್ವಾಮೀ, ನನ್ನ ಮಗನಿಗೆ ಏನೋ ಕಾಯಿಲೆ. ಗಾಳಿ ಬೀಸಿದ್ರೆ ಬೀಳ್ತಾನೆ. ನೀವೇ ಸಮತೋಲನ ಕಲಿಸೋರಂತೆ, ಸ್ವಲ್ಪ ಜಾಸ್ತಿ ಕಲಿಸಿ" ಎಂದು ಕೈಮುಗಿದರು. ನಾನು ಏನೆಂದೆ ಗೊತ್ತೇ? "ಕಲಿಸ್ತಾ ಇದೀನಮ್ಮಾ" ಎಂದೆ. ಎರಡು ಮೊಟ್ಟೆ ತಿಂದೆ ಕೂಡ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. "ಎಡಗೈ ವಿಷಯ ಬೇಡ" ಎಂದು ಬರೆದಿದೆ. ಎಡಗೈ ವಿಷಯ ನನಗೆ ನೆನಪೇ ಇರಲಿಲ್ಲ, ಸ್ವಾಮಿ. ಈಗ ನೀವೇ ನೆನಪಿಸಿದ್ದರಿಂದ ಹೇಳದೆ ಬಿಟ್ಟರೆ ಸಭಿಕರಿಗೆ ಇಂದು ನಿದ್ದೆ ಬರುವುದಿಲ್ಲ.

ಇವನು ಪಂದ್ಯಕ್ಕೆ ನಾಲ್ಕು ಸಲ ಬಿದ್ದರೆ ನಾಲ್ಕು ಸಲವೂ ಫಿಸಿಯೋ ಔಷಧಿ ಪೆಟ್ಟಿಗೆ ಹಿಡಿದು ಓಡಬೇಕೇ? ಅವರಿಗೂ ವಯಸ್ಸಾಗಿದೆ, ಮಂಡಿ ನೋವಿದೆ. ಅದಕ್ಕೆ ನಾವು ಮೂವರು ಕೂತು ಒಂದು ಗುಟ್ಟಿನ ಗುರುತು ಮಾಡಿಕೊಂಡೆವು. ಬಿದ್ದಾಗ ಬಲಗೈ ಎತ್ತಿದರೆ ನಾಟಕ, ಯಾರೂ ಬರಬೇಡಿ. ಎಡಗೈ ಎತ್ತಿದರೆ ನಿಜವಾದ ಪೆಟ್ಟು, ಓಡಿ ಬನ್ನಿ. ಆರು ವರ್ಷ ಎಡಗೈ ಮೇಲೇಳಲಿಲ್ಲ.

ಏಳನೆಯ ವರ್ಷ ಸೆಮಿಫೈನಲ್. ಹೊಸ ರೆಫ್ರಿ, ಬಹಳ ಗಟ್ಟಿ ಮನುಷ್ಯ. ಮೊದಲರ್ಧದಲ್ಲಿ ಇವನು ಮೂರು ಸಲ ಬಿದ್ದ, ಮೂರೂ ಒಂಬತ್ತಕ್ಕೆ ಮೇಲ್ಪಟ್ಟವು, ಆ ಮಹಾನುಭಾವ ತಿರುಗಿಯೂ ನೋಡಲಿಲ್ಲ. ಅವನು ಬಿದ್ದವನನ್ನು ನೋಡುವುದಿಲ್ಲ, ನಮ್ಮ ಬೆಂಚಿನ ಮೇಲೆ ಕುಳಿತವರ ಮುಖ ನೋಡುತ್ತಾನೆ ಎಂದು ನಾನು ಕಂಡುಹಿಡಿದೆ. ವಿರಾಮದಲ್ಲಿ ಇವನ ಕಿವಿಯಲ್ಲಿ ಹೇಳಿದೆ: "ಒಂದೇ ಒಂದು ಸಲ ಎಡಗೈ ಎತ್ತು. ಫಿಸಿಯೋಗೆ ಹೇಳ್ಬೇಡ."

ಅವನು ಬೂಟಿನ ಲೇಸ್ ಕಟ್ಟುತ್ತಿದ್ದ. ಕೈ ನಿಲ್ಲಿಸಿ, "ಬೇಡ ಮೇಷ್ಟ್ರೇ, ಅದೊಂದಿರಲಿ" ಎಂದ.

"ಒಂದೇ ಸಲ ಕಣಪ್ಪಾ" ಎಂದೆ.

ಎತ್ತಿದ. ಫಿಸಿಯೋ ಮುಖ ಬಿಳಿಚಿಕೊಂಡು, ಮಂಡಿ ನೋವು ಮರೆತು, ದಾರಿಯಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದು ಔಷಧಿಯೆಲ್ಲ ಚೆಲ್ಲಿಕೊಂಡು ಓಡಿದರು. ರೆಫ್ರಿ ಆ ಮುಖ ನೋಡಿದ, ಸೀಟಿ ಊದಿದ. ಪೆನಾಲ್ಟಿ! ನಾವು ಗೆದ್ದೆವು. ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಹತ್ತು ಬರೆದದ್ದು ಅದೊಂದೇ ಸಲ. ನನ್ನ ಇಪ್ಪತ್ತಾರು ವರ್ಷದ ಸಾವಿನಲ್ಲಿ ನನಗೆ ಸಿಗದ ಚಪ್ಪಾಳೆ ಅವತ್ತು ಸಿಕ್ಕಿತು. ಫಿಸಿಯೋ ಮಾತ್ರ ಒಂದು ವಾರ ನಮ್ಮ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ಸಲ ಎನ್ನುವುದು ಎರಡಾಯಿತು, ಎರಡು ಹನ್ನೆರಡಾಯಿತು. ಕಳ್ಳಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ನನಗೆ ಪ್ರತಿ ಪಂದ್ಯವೂ ನೆವವಾಯಿತು.

ಐದು ನಿಮಿಷ ಮುಗಿದಿದೆ ಎಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಮುಗಿಸುತ್ತೇನೆ. ಆ ಪಂದ್ಯಕ್ಕೆ ಬರುತ್ತೇನೆ.

ಎಂಟು ತಿಂಗಳ ಹಿಂದೆ, ಮಧ್ಯಾಹ್ನದ ಪಂದ್ಯ. ನಾನು ಗ್ಯಾಲರಿಯ ಐದನೆಯ ಸಾಲಿನಲ್ಲಿ ನೋಟ್‌ಬುಕ್ ಹಿಡಿದು ಕುಳಿತಿದ್ದೆ. ಇವನು ಚೌಕದೊಳಗೆ ನುಗ್ಗಿದ. ಒಬ್ಬ ದಪ್ಪ ಡಿಫೆಂಡರ್ ಅಡ್ಡ ಬಂದ. ಇವನು ಬಿದ್ದ. ಸಭಿಕರೇ, ಎಂಥ ಕೆಟ್ಟ ಪತನ! ಯಾವ ಸಿದ್ಧತೆಯೂ ಇಲ್ಲ. ಕೈಗಳು ಒಂದು ಕಡೆ, ತಲೆ ಇನ್ನೊಂದು ಕಡೆ. ಬಿದ್ದವನು ಸುಮ್ಮನೆ ಮಲಗಿಬಿಟ್ಟ. ಎಡಗೈ ಎತ್ತಿದ. ಬೆಂಚಿನ ಮೇಲೆ ಫಿಸಿಯೋ ಕಿತ್ತಳೆ ಸುಲಿಯುತ್ತಿದ್ದರು, ಸುಲಿಯುತ್ತಲೇ ಇದ್ದರು. ರೆಫ್ರಿ ಬಂದು ನಾಟಕವಾಡಿದ್ದಕ್ಕೆ ಎಚ್ಚರಿಕೆಯ ಹಳದಿ ಕಾರ್ಡು ತೋರಿಸಿ ಹೋದ. ಆಮೇಲೆ ಇವನು ಉರುಳತೊಡಗಿದ. ಮೂರು ಸುತ್ತು. ಆಟ ನಾಲ್ಕು ನಿಮಿಷ ನಡೆಯಿತು, ಇವನ ಮೇಲಿಂದ ಎರಡು ಸಲ ಚೆಂಡು ಹೋಯಿತು.

ನಾನು ಬರೆದದ್ದನ್ನು ಓದುತ್ತೇನೆ, ನೋಟ್‌ಬುಕ್ ತಂದಿದ್ದೇನೆ. "ಹತ್ತಕ್ಕೆ ನಾಲ್ಕು. ನೈಜತೆ ಸಾಲದು. ಮುಖದಲ್ಲಿ ಭಾವವಿಲ್ಲ. ಉರುಳುವಿಕೆ ತಡವಾಯಿತು. ಕಾಲಿನ ಕೋನ ಅತಿಯಾಯಿತು, ಹೀಗೆ ಯಾರ ಕಾಲೂ ತಿರುಗುವುದಿಲ್ಲ."

ನಗಿ, ನಗಿ. ನಾನೂ ಮನೆಗೆ ಹೋಗಿ ಹೆಂಡತಿಗೆ ನಗುತ್ತಲೇ ಹೇಳಿದೆ, ಇವತ್ತು ನಾಲ್ಕೇ ಕೊಟ್ಟೆ ಕಣೇ ಎಂದು. ಅಷ್ಟರಲ್ಲಿ ಫೋನ್ ಬಂತು, ಕಾಲು ಮುರಿದಿದೆ, ಆಸ್ಪತ್ರೆಯಲ್ಲಿದ್ದಾನೆ ಎಂದು. ಅವಳು ನನ್ನನ್ನೇ ನೋಡುತ್ತ ನಿಂತಳು. "ಹೋದ ವರ್ಷ ನಾನು ಅಡುಗೆಮನೇಲಿ ಜಾರಿ ಬಿದ್ದಾಗ ಬಾಗಿಲಲ್ಲಿ ನಿಂತು ಏನಂದ್ರಿ, ನೆನಪಿದೆಯಾ ರೀ?" ಎಂದಳು. ನೆನಪಿತ್ತು. ಮೊಣಕೈ ಮೊದಲು ಹೋಯ್ತು, ಅದು ತಪ್ಪು ಎಂದಿದ್ದೆ. ಆಮೇಲೆ ಎತ್ತಿದೆ, ಎತ್ತಲಿಲ್ಲ ಎಂದಲ್ಲ. ಅವಳು ಬಟ್ಟೆ ಮಡಚಿಕೊಂಡು ಅಕ್ಕನ ಮನೆಗೆ ಹೋದಳು. ತಪ್ಪು ಅವಳದಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಹಿಡಿದುಕೊಂಡು ನನ್ನನ್ನು ಪಕ್ಕಕ್ಕೆ ಕರೆದರು. "ಮೊದಲನೇ ಏಟಿಗೆ ಬರೀ ಬಿರುಕು ಬಿಟ್ಟಿರೋದು. ಮಿಸುಕಾಡದೆ ಮಲಗಿದ್ರೆ ಮೂರು ತಿಂಗಳಲ್ಲಿ ಮತ್ತೆ ಆಡಬಹುದಿತ್ತು. ಉರುಳಿದ್ದಕ್ಕೆ ಮೂಳೆ ಎರಡು ಕಡೆ ತುಂಡಾಗಿದೆ. ಇನ್ನು ಆಟ ಇಲ್ಲ. ಏನ್ರೀ, ಬಿರುಕು ಬಿಟ್ಟ ಕಾಲು ಇಟ್ಕೊಂಡು ಯಾರಾದ್ರೂ ಮೂರು ಸುತ್ತು ಉರುಳ್ತಾರಾ?" ಎಂದರು.

ನಾನು ಒಳಗೆ ಹೋಗಿ ಅದನ್ನೇ ಕೇಳಿದೆ. "ಯಾಕಪ್ಪಾ ಉರುಳಿದೆ?"

ಅವನು ಮೇಲಿನ ಫ್ಯಾನ್ ನೋಡುತ್ತ ಮಲಗಿದ್ದ. "ಮೊದಲು ಸುಮ್ನೇ ಮಲಗಿದ್ದೆ ಮೇಷ್ಟ್ರೇ. ಕೈ ಎತ್ತಿದೆ, ಯಾರೂ ಬರಲಿಲ್ಲ. ಗ್ಯಾಲರೀಲಿ ನಿಮ್ಮನ್ನ ಹುಡುಕಿದೆ. ನೀವು ತಲೆ ಅಲ್ಲಾಡಿಸ್ತಾ ಏನೋ ಬರೀತಾ ಇದ್ರಿ. ನಾನು ಸರಿಯಾಗಿ ಬಿದ್ದಿಲ್ವೇನೋ ಅನ್ನಿಸ್ತು. ನೀವು ಹೇಳ್ಕೊಟ್ಟ ಹಾಗೆ ಉರುಳಿದ್ರೆ ನೀವಾದ್ರೂ ನಂಬ್ತೀರಿ ಅಂತ ಉರುಳಿದೆ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದ. ಎಂಟು ತಿಂಗಳಾಯಿತು, ನನ್ನೊಡನೆ ಒಂದು ಮಾತಾಡಿಲ್ಲ. ಈ ಸಮಾರಂಭಕ್ಕೆ ನನ್ನನ್ನು ಕರೆದವರು ಕಾರ್ಯದರ್ಶಿಗಳು, ಅವನಲ್ಲ. ತಾಯಿಯವರೇ, ನಿಮ್ಮ ಮಗನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅವನನ್ನು ಬೀಳಿಸಿದವನು ನಾನು. ಇದನ್ನು ನಿಮ್ಮ ಮನೆಗೆ ಬಂದು ಹೇಳುವ ಧೈರ್ಯ ನನಗಿರಲಿಲ್ಲ. ಮುನ್ನೂರು ಜನರ ಮುಂದೆ ಹೇಳುವುದು ನಾಟಕದವನಿಗೆ ಅದಕ್ಕಿಂತ ಸುಲಭ, ಕ್ಷಮಿಸಿ.

ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ನಂತರ ಇವನ ಮಾತು ಇದೆ. ಅದನ್ನೂ ನಾನೇ ಬರೆದುಕೊಡಬೇಕು, ಎಲ್ಲಿ ಗದ್ಗದಿತರಾಗಬೇಕು ಎಂದು ಗುರುತು ಹಾಕಿ ಕೊಡಬೇಕು ಎಂದು ಕಮಿಟಿಯವರು ಕೇಳಿದ್ದರು. ಬರೆದುಕೊಡಲಿಲ್ಲ. ಅವನ ಮಾತು ಅವನೇ ಆಡುತ್ತಾನೆ. ಆ ಕುರ್ಚಿಯಿಂದ ಈ ಮೈಕಿಗೆ ಹದಿನಾಲ್ಕು ಹೆಜ್ಜೆ, ಸಭೆ ಸೇರುವ ಮೊದಲು ನಾನು ಎಣಿಸಿದ್ದೇನೆ. ಊರುಗೋಲು ಬೇಡ ಎಂದು ಹಟ ಹಿಡಿದು ಬಂದಿದ್ದಾನಂತೆ. ಓ, ಆಗಲೇ ಎದ್ದು ನಿಂತಿದ್ದಾನೆ. ನೀವೆಲ್ಲ ನಗುಮುಖ ಮಾಡಿಕೊಂಡು ನೋಡುತ್ತಿದ್ದೀರಿ, ಹನ್ನೊಂದು ವರ್ಷದ ಅಭ್ಯಾಸ, ನಿಮ್ಮದೇನೂ ತಪ್ಪಿಲ್ಲ. ಹಿಂಬಾಗಿಲ ಮಹನೀಯರೇ, ಎಲೆ ಉದುರುತ್ತದೆ ನೋಡು ಎಂದು ಪಿಸುಗುಟ್ಟಬೇಡಿ, ಇಲ್ಲಿಗೆ ಕೇಳಿಸುತ್ತದೆ. ಎಲ್ಲರಲ್ಲೂ ಕೈಮುಗಿದು ಒಂದೇ ಒಂದು ವಿನಂತಿ. ಈ ಹದಿನಾಲ್ಕು ಹೆಜ್ಜೆಯಲ್ಲಿ ಅವನು ಎಲ್ಲಾದರೂ ಬಿದ್ದರೆ ಅದು ನಿಜ. ದಯವಿಟ್ಟು ಕುರ್ಚಿ ಬಿಟ್ಟು ಎದ್ದು ಬನ್ನಿ.

ನಾನು ಈಗಲೇ ಹೋಗುತ್ತಿದ್ದೇನೆ. ನನ್ನ ಕೈ ಹಿಡಿಯುತ್ತಾನೋ, ತಳ್ಳುತ್ತಾನೋ, ಗೊತ್ತಿಲ್ಲ. ಐದು ನಿಮಿಷ ಕೊಟ್ಟು ಇಪ್ಪತ್ತು ನಿಮಿಷ ಸಹಿಸಿದ ಅಧ್ಯಕ್ಷರಿಗೂ, ಕೇಳಿದ ನಿಮಗೂ ಧನ್ಯವಾದ. ಯಾರಾದರೂ ಈ ಮೈಕ್ ಹಿಡಿದುಕೊಳ್ಳಿ, ನನಗೆ ಎರಡೂ ಕೈ ಬೇಕು. ನಮಸ್ಕಾರ.