ಭಾರ ಹಾಕಬೇಡಿ

ಎಕ್ಸ್-ರೇ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಒಬ್ಬ ಮುದುಕರು, ಅವರ ಮಗಳು ಕೂತಿದ್ದರು. ಮುದುಕರಿಗೆ ಮೊಣಕಾಲಿನ ಕೆಳಗೆ ಆಪರೇಷನ್ ಆಗಿ ಮೂರು ವಾರವಾಗಿತ್ತಂತೆ.

“ಅಪ್ಪಾ, ನಾನು ಕೆಲಸಕ್ಕೆ ಹೋದ್ಮೇಲೆ ಅಂಗಡಿಗೆ ನಡ್ಕೊಂಡು ಹೋದ್ಯಾ? ಕೋಲೂ ಇಲ್ದೆ?”

“ದಿನಾ ಹೋಗ್ತೀನಲ್ಲ.”

“ಅಯ್ಯೋ! ಕಾಲಿನ ಮೇಲೆ ಭಾರ ಹಾಕ್ಬೇಡಿ ಅಂತ ಡಾಕ್ಟ್ರು ಬಡ್ಕೊಂಡ್ರಲ್ಲಪ್ಪಾ!”

“ಎಲ್ಲಿ ಹಾಕ್ದೆ? ತಂದಿದ್ದು ಬರೀ ಒಂದು ಕಟ್ಟು ಸೊಪ್ಪು.”

“ಭಾರ ಅಂದ್ರೆ ನಿನ್ನ ಮೈಭಾರ! ಆ ಕಾಲು ನೆಲಕ್ಕೆ ಊರಲೇಬಾರ್ದು ಅಂತ!”

ಮುದುಕರ ಮುಖ ಬಿಳಿಚಿಕೊಂಡಿತು.

“ಹಾಗಂತ ಯಾರೂ ಹೇಳ್ಲೇ ಇಲ್ಲ.”

ಅಷ್ಟರಲ್ಲಿ ನರ್ಸ್ ಕರೆದರು. ಮುದುಕರು ಎದ್ದು ನಿಂತೇಬಿಟ್ಟರು. ಮಗಳು ಚೀರಿ, ಅವರನ್ನು ತಬ್ಬಿ ಹಿಡಿದು ಗಾಲಿಕುರ್ಚಿಯಲ್ಲಿ ಕೂರಿಸಿದಳು. ಬಾಗಿಲು ದಾಟುವಾಗ ಅವರ ದನಿ ಕೇಳಿಸಿತು.

“ಹಾಗಾದ್ರೆ ನಿನ್ನ ಮಗಳು ತೊಡೆ ಹತ್ತೋಕೆ ಬಂದಾಗೆಲ್ಲ ಸುಮ್‌ಸುಮ್ನೆ ಗದರಿಸಿ ಅಳಿಸಿದ್ನಾ?”